ಸೂಟು ಬೇಡ ಎಂದದ್ದನ್ನು ನಂಬಿದವನು

ಟ್ಯಾಮರಾಕ್ ಕೌಂಟಿ ಆಸ್ಪತ್ರೆಯಿಂದ ಬಂದ ಆಹ್ವಾನದಲ್ಲಿ ಮೂರು ಮಾತುಗಳಿದ್ದವು. ಸಂದರ್ಶನದ ಹಿಂದಿನ ಸಂಜೆ ನಮ್ಮ ರೆಸಿಡೆಂಟ್ ವೈದ್ಯರ ಜತೆ ಪರದೆಯ ಮೇಲೆ ಒಂದು ಗಂಟೆ ಹರಟೋಣ ಬನ್ನಿ. ಮನೆಯಲ್ಲಿ ಹಾಕಿಕೊಳ್ಳುವ ಬಟ್ಟೆಯೇ ಸಾಕು, ದಯವಿಟ್ಟು ಸೂಟು ಬೇಡ. ಅಲ್ಲಿ ಆಡಿದ ಮಾತಿಗೆ ಯಾರೂ ಅಂಕ ಹಾಕುವುದಿಲ್ಲ. ಡಾಕ್ಟರಿ ಓದು ಮುಗಿಸಿ ರೆಸಿಡೆನ್ಸಿ ತರಬೇತಿಗೆ ಅರ್ಜಿ ಹಾಕಿದವರಿಗೆಲ್ಲ ಚಳಿಗಾಲದಲ್ಲಿ ಇಂಥ ಆಹ್ವಾನಗಳು ಬರುತ್ತವೆ. ಅವರು ಮೊದಲನೆಯ ಮಾತಿಗೆ ತಲೆಯಾಡಿಸಿ, ಎರಡನೆಯದಕ್ಕೆ ನಕ್ಕು, ಮೂರನೆಯದಕ್ಕೆ ಬೆವೆತು, ಇಸ್ತ್ರಿಪೆಟ್ಟಿಗೆಯನ್ನು ಬಿಸಿಗಿಡುತ್ತಾರೆ. ಮೂರನ್ನೂ ಬರೆದ ಹಾಗೇ ನಂಬಿದವನು ಎಲ್ಮರ್ ಮಾಕೆಲಾ ಒಬ್ಬನೇ.

ಅವನ ಸ್ವಭಾವವೇ ಅಂಥದ್ದು. ಶಾಲೆಗೆ ಹೋಗುವ ಕಾಲದಲ್ಲಿ ಬಸ್ ನಿಲ್ದಾಣದ ಬೆಂಚಿಗೆ ಯಾರೋ 'ಹಸಿ ಬಣ್ಣ, ಕೂರಬೇಡಿ' ಎಂಬ ಹಲಗೆ ತೂಗುಹಾಕಿ, ತೆಗೆಯುವುದನ್ನು ಮರೆತುಬಿಟ್ಟಿದ್ದರು. ಊರಿನವರೆಲ್ಲ ಆ ಹಲಗೆಗೇ ಒರಗಿ ಕೂರುತ್ತಿದ್ದರು. ಎಲ್ಮರ್ ಮಾತ್ರ ಶಾಲೆ ಮುಗಿಯುವವರೆಗೂ ನಿಂತುಕೊಂಡೇ ಬಸ್ಸು ಕಾದ. ಬಣ್ಣ ಒಣಗಿರಬಹುದು ಎಂಬ ಅನುಮಾನ ಅವನಿಗೂ ಬಂದಿತ್ತು, ಆದರೆ ಹಾಗೆಂದು ಯಾರೂ ಬರೆದು ಹಾಕಿರಲಿಲ್ಲ.

ಹಿಂದಿನ ವರ್ಷ ಅವನಿಗೆ ಸೀಟು ಸಿಕ್ಕಿರಲಿಲ್ಲ. ಈ ಸೀಟುಗಳ ಹಂಚಿಕೆಯಲ್ಲಿ ಅಭ್ಯರ್ಥಿಗಳು ತಮಗೆ ಬೇಕಾದ ಆಸ್ಪತ್ರೆಗಳ ಹೆಸರನ್ನು ಸಾಲಾಗಿ ಬರೆದುಕೊಡುತ್ತಾರೆ, ಆಸ್ಪತ್ರೆಗಳು ತಮಗೆ ಬೇಕಾದ ಅಭ್ಯರ್ಥಿಗಳ ಹೆಸರನ್ನು ಬರೆದುಕೊಡುತ್ತವೆ, ಒಂದು ಕಂಪ್ಯೂಟರು ಎರಡನ್ನೂ ಜಾತಕ ಕೂಡಿಸಿದ ಹಾಗೆ ಕೂಡಿಸುತ್ತದೆ. ಮಾರ್ಚ್ ತಿಂಗಳ ಒಂದು ಸೋಮವಾರ ಸೀಟು ಸಿಕ್ಕಿತೋ ಇಲ್ಲವೋ ಎಂದು ತಿಳಿಸುತ್ತಾರೆ. ಎಲ್ಲಿ ಸಿಕ್ಕಿತು ಎಂಬುದನ್ನು ಶುಕ್ರವಾರದವರೆಗೆ ಬಾಯಿ ಬಿಡುವುದಿಲ್ಲ. ಎಲ್ಮರನನ್ನು ಸಾಕಿ ಬೆಳೆಸಿದ ಐಲಾ ದೊಡ್ಡಮ್ಮ ಸೋಮವಾರದವರೆಗೂ ತಡೆಯಲಾರದೆ ಭಾನುವಾರವೇ 'ಡಾಕ್ಟರ್ ಎಲ್ಮರ್' ಎಂದು ನೀಲಿ ಕೆನೆಯಲ್ಲಿ ಬರೆಸಿದ ಕೇಕು ತರಿಸಿದ್ದಳು. ಸೀಟು ಸಿಗಲಿಲ್ಲ. ಕೇಕು ದೊಡ್ಡದಿತ್ತು. ವಾರವಿಡೀ ದೊಡ್ಡಮ್ಮನೂ ಮಗನೂ ಎದುರುಬದುರು ಕೂತು ಅದನ್ನು ತಿಂದರು. ಹೆಸರಿನ ಭಾಗವನ್ನು ಮುಟ್ಟಲು ಇಬ್ಬರಿಗೂ ಮನಸ್ಸು ಬರದೆ, ಕೊನೆಗೆ ಪಕ್ಕದ ಮನೆಯ ವರ್ನ್ ಅದನ್ನು ತಿಂದು ಉಪಕಾರ ಮಾಡಿದ.

ಈ ವರ್ನ್ ಟುಓಮಿ ಕೌಂಟಿಯ ರಸ್ತೆ ಇಲಾಖೆಯಲ್ಲಿ ಹಿಮ ಗೋರುವ ಲಾರಿ ಓಡಿಸಿ ನಿವೃತ್ತನಾದವನು. ಅವನ ಬದುಕಿನಲ್ಲಿ ಉಳಿದಿದ್ದವು ಎರಡೇ: ಐಲಾಳ ಹಿತ್ತಲಿನ ಸೌನಾದಲ್ಲಿ ಬುಧವಾರ ಮತ್ತು ಶನಿವಾರ ಬೆವರುವುದು, ಮತ್ತು ತನ್ನ ಎಡಮಂಡಿ. ಸುಪೀರಿಯರ್ ಸರೋವರದ ದಂಡೆಯ ಆ ಊರಿನಲ್ಲಿ ಹಬೆ ತುಂಬಿದ ಆ ಮರದ ಕೋಣೆ ಇಲ್ಲದ ಹಿತ್ತಲಿಲ್ಲ. ಆದರೂ ವರ್ನ್ ತನ್ನದನ್ನು ಬಿಟ್ಟು ಐಲಾಳದ್ದಕ್ಕೇ ಬರುತ್ತಿದ್ದ, ಯಾಕೆಂದರೆ ಇಲ್ಲಿ ಸೌನಾ ಆದ ಮೇಲೆ ಊಟ ಸಿಗುತ್ತಿತ್ತು.

ಎಲ್ಮರ್ ಆ ವರ್ಷ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ಮೊಳೆ ಕೊಳ್ಳಲು ಬಂದವರು ಚಿಲ್ಲರೆ ಎಣಿಸಿಕೊಳ್ಳುತ್ತಲೇ ಬಾಯಿ ತೆರೆದು ಗಂಟಲು ತೋರಿಸುತ್ತಿದ್ದರು, ಅವನು ಟಾರ್ಚು ಬಿಟ್ಟು ನೋಡುತ್ತಿದ್ದ. ಊರೆಲ್ಲ ಅವನನ್ನು ಡಾಕ್ಟ್ರೇ ಎನ್ನುತ್ತಿತ್ತು. ಆ ಕರೆಯಲ್ಲಿ ಮಮತೆ ಎಷ್ಟು, ಕುಹಕ ಎಷ್ಟು ಎಂದು ಅವನಿಗೆ ತಿಳಿಯುತ್ತಿರಲಿಲ್ಲ. ಎರಡನೆಯ ಸಲವೂ ಸೀಟು ತಪ್ಪಿದರೆ ಮೂರನೆಯ ಸಲ ಅರ್ಜಿಯನ್ನು ತೆರೆದು ನೋಡುವವರೂ ಇರುವುದಿಲ್ಲ, ಉಳಿದ ಆಯುಷ್ಯವೆಲ್ಲ ಮೊಳೆ ತೂಗುವುದೇ ಎಂಬುದು ಮಾತ್ರ ಚೆನ್ನಾಗಿ ತಿಳಿದಿತ್ತು. ಈ ವರ್ಷ ಕರೆ ಬಂದದ್ದು ಒಂದೇ ಕಡೆಯಿಂದ. ಟ್ಯಾಮರಾಕ್ ಎಂದರೆ ಪೈನ್ ಕಾಡಿನ ನಡುವೆ ಇದ್ದ, ಯಾರೂ ಮೊದಲ ಆಯ್ಕೆಯಾಗಿ ಬರೆಯದ ಆಸ್ಪತ್ರೆ. ಅಲ್ಲಿನ ಆರು ಸೀಟುಗಳಲ್ಲಿ ಒಂದೆರಡು ಪ್ರತಿ ವರ್ಷ ಖಾಲಿಯೇ ಉಳಿಯುತ್ತಿದ್ದವು.

ಬುಧವಾರ ಸಂಜೆ ದೊಡ್ಡಮ್ಮ ಸೂಟಿಗೆ ಬ್ರಷ್ಷು ಹೊಡೆದು ಕುರ್ಚಿಯ ಬೆನ್ನಿಗೆ ಹಾಕಿದ್ದಳು. ಎಲ್ಮರ್ ಅವಳಿಗೆ ಮೇಲ್ ತೋರಿಸಿ, ಸೂಟು ಬೇಡ ಎಂದು ದಯವಿಟ್ಟು ಸೇರಿಸಿ ಬರೆದಿದ್ದಾರೆ, ಹಾಕಿಕೊಂಡರೆ ಅವರ ಮಾತಿಗೆ ಬೆಲೆ ಕೊಡದ ಹಾಗಾಗುತ್ತದೆ ಎಂದ. ಅವಳಿಗೆ ಸಮಾಧಾನವಾಗಲಿಲ್ಲ. ಡಾಕ್ಟರುಗಳು ಬೇಡ ಎಂದರೆ ಬೇಕು ಎಂದೇ ಅರ್ಥ, ಐಸ್‌ಕ್ರೀಂ ಬೇಡ ಬೇಡ ಎನ್ನುತ್ತಲೇ ಅವರು ಬಟ್ಟಲು ಖಾಲಿ ಮಾಡುವುದನ್ನು ತಾನು ಕಂಡಿಲ್ಲವೇ ಎಂದಳು. ಆದರೂ ಅವನು ಕೇಳದೆ, ವರ್ನ್ ನಿವೃತ್ತನಾದಾಗ ಕೊಟ್ಟುಹೋಗಿದ್ದ ಕಡುನೀಲಿ ಜಾಕೆಟ್ಟು ತೊಟ್ಟು ಅಡುಗೆಮನೆಯ ಮೇಜಿಗೆ ಕೂತ. ಮೆತ್ತಗಿನ ಜಾಕೆಟ್ಟು, ಎದೆಯ ಎಡಕ್ಕೆ ದಾರದಲ್ಲಿ ನೇಯ್ದ ದುಂಡನೆಯ ಮುದ್ರೆ. ಹತ್ತಿರದಿಂದ ನೋಡಿದರೆ ಅದು ಹಿಮ ಗೋರುವ ಲಾರಿ. ಪರದೆಯ ಮೇಲೆ ಬೆರಳುಗುರಿನಷ್ಟಾದಾಗ ಅದು ಏನು ಬೇಕಾದರೂ ಆಗಬಹುದಿತ್ತು. ದೇಶದ ಯಾವ ಆಸ್ಪತ್ರೆಗೇ ಹೋಗಿ, ರೆಸಿಡೆಂಟರನ್ನು ಗುರುತಿಸುವುದು ಕೊರಳಿನ ಸ್ಟೆತಸ್ಕೋಪಿನಿಂದಲ್ಲ. ಎದೆಯ ಎಡಕ್ಕೆ ದುಂಡನೆಯ ಮುದ್ರೆಯಿರುವ ಇಂಥದ್ದೇ ಕಡುನೀಲಿ ಜಾಕೆಟ್ಟಿನಿಂದ.

ಮೊದಲಿಗೆ ಟೆಸ್ ಎಂಬ ಹಿರಿಯ ರೆಸಿಡೆಂಟ್ ಎಲ್ಲರನ್ನೂ ಸ್ವಾಗತಿಸಿ, ಈಗ ನಿಮ್ಮನ್ನು ಸಣ್ಣ ಸಣ್ಣ ಕೋಣೆಗಳಿಗೆ ಹಂಚುತ್ತೇವೆ, ಪ್ರತಿ ಕೋಣೆಗೂ ನಮ್ಮವರೊಬ್ಬರು ಬರುತ್ತಾರೆ, ಸಂಕೋಚವಿಲ್ಲದೆ ಏನು ಬೇಕಾದರೂ ಕೇಳಿ ಎಂದಳು. ಎಲ್ಮರನ ಕೋಣೆಗೆ ಬರಬೇಕಾದವಳು ಅವಳೇ. ಅಷ್ಟರಲ್ಲಿ ಹಾಕಿ ಪಂದ್ಯ ಆಡಲು ಹೊರಟಿದ್ದ ಶಾಲಾ ಹುಡುಗರ ಬಸ್ಸು ಮಂಜುಗಡ್ಡೆಯ ಮೇಲೆ ಜಾರಿ ಹಳ್ಳಕ್ಕಿಳಿದು, ತಂಡದ ಎಲ್ಲರೂ ಒಂದೊಂದು ಗಾಯ ಹಿಡಿದುಕೊಂಡು ಆಸ್ಪತ್ರೆಗೆ ಬಂದರು. ಟೆಸ್ ಹೊಲಿಗೆ ಹಾಕಲು ಓಡಿದಳು. ಈ ಸಂಗತಿ ಕೋಣೆಯೊಳಗಿದ್ದವರಿಗೆ ಗೊತ್ತಾಗಲಿಲ್ಲ.

ಕೋಣೆಯಲ್ಲಿ ಆರು ಮುಖಗಳಿದ್ದವು. ಐವರು ಸೂಟಿನಲ್ಲಿ, ಒಬ್ಬ ನೀಲಿ ಜಾಕೆಟ್ಟಿನಲ್ಲಿ.

ಇಲ್ಲಿ ಎರಡು ತರ್ಕಗಳು ಎದುರುಬದುರಾದವು, ಎರಡರಲ್ಲೂ ಹುಳುಕಿರಲಿಲ್ಲ. ಅಭ್ಯರ್ಥಿ ಎನ್ನುವವನು ಸೂಟಿಲ್ಲದೆ ಬರುವುದುಂಟೇ, ಹಾಗಾಗಿ ಜಾಕೆಟ್ಟಿನವನೇ ರೆಸಿಡೆಂಟ್ ಎಂದು ಐವರೂ ತಿಳಿದರು. ಅಭ್ಯರ್ಥಿಗಳಿಗೆ ಸೂಟು ಬೇಡ ಎಂದು ಬರೆದು ತಿಳಿಸಿದ್ದಾರೆ, ಹಾಗಾಗಿ ಸೂಟು ತೊಟ್ಟ ಐವರೂ ಆಸ್ಪತ್ರೆಯವರು, ತನ್ನೊಬ್ಬನನ್ನು ಪರೀಕ್ಷಿಸಲು ಐದು ಜನ ಕೂತಿದ್ದಾರೆ ಎಂದು ಎಲ್ಮರ್ ತಿಳಿದ. ಸತ್ಯವನ್ನೇ ಹೇಳಿಬಿಡಬೇಕು ಎಂದು ಅವನು ನಿರ್ಧರಿಸಿಕೊಂಡ.

ಕನೆಕ್ಟಿಕಟ್ಟಿನ ಪ್ರೆಸ್ಟನ್ ಎಂಬವನು ಟೈ ಸರಿಮಾಡಿಕೊಂಡು ಮೊದಲು ಬಾಯಿ ತೆರೆದ. "ಸರ್, ಬಿಡುವು ಮಾಡ್ಕೊಂಡು ಬಂದಿದ್ದಕ್ಕೆ ಥ್ಯಾಂಕ್ಸ್. ಅಲ್ಲಿ ನಿಮ್ಮ ದಿನ ಹೇಗಿರುತ್ತೆ, ಸ್ವಲ್ಪ ಹೇಳ್ತೀರಾ?"

ತನ್ನನ್ನು ಸರ್ ಎನ್ನುವಷ್ಟು ವಿನಯ ಟ್ಯಾಮರಾಕಿನವರಿಗೆ ಇದೆಯಲ್ಲ ಎಂದು ಎಲ್ಮರನಿಗೆ ಮನಸ್ಸು ತುಂಬಿ ಬಂತು. "ಬೆಳಿಗ್ಗೆ ಎದ್ದು ಬಾಗಿಲ ಮುಂದೆ ಹಿಮ ಗೋರ್ತೀನಿ," ಎಂದ. "ತಿಂಡಿ ತಿಂದು ಹತ್ತಕ್ಕೆ ಕೆಲ್ಸಕ್ಕೆ ಹೋಗ್ತೀನಿ. ಜನ ಬರ್ತಾರೆ, ಗಂಟಲು ತೋರಿಸ್ತಾರೆ, ನೋಡ್ತೀನಿ. ಐದಕ್ಕೆ ಮನೆ."

"ಐದಕ್ಕೆ?"

"ಶುಕ್ರವಾರ ಸ್ವಲ್ಪ ಬೇಗ."

ಟೆಕ್ಸಾಸಿನ ಮಾರಿಸೋಲ್ ಎಂಬವಳು ನಿದ್ರೆ ಎಷ್ಟು ಸಿಗುತ್ತದೆ ಎಂದು ಕೇಳಿದಳು. ಒಂಬತ್ತು ಗಂಟೆ, ಚಳಿ ಹೆಚ್ಚಾದರೆ ಇನ್ನೂ ಸ್ವಲ್ಪ ಎಂದ ಎಲ್ಮರ್, ಸೋಮಾರಿ ಎಂದುಕೊಂಡಾರು ಎಂದು ನಾಚುತ್ತಲೇ. ಪರದೆಯ ಮೂಲೆಯಲ್ಲಿ ಯಾರದೋ ನೀರಿನ ಲೋಟ ಉರುಳಿತು. ಕಾರು ನಿಲ್ಲಿಸುವುದಕ್ಕೆ ಕಷ್ಟವೇ ಎಂದು ಇನ್ನೊಬ್ಬ ಕೇಳಿದ. ಕಷ್ಟವೇ ಇಲ್ಲ, ಸೌದೆ ರಾಶಿಯ ಪಕ್ಕ ಎಷ್ಟು ಕಾರು ಬೇಕಾದರೂ ನಿಲ್ಲುತ್ತವೆ ಎಂದ. ಡೈರೆಕ್ಟರ್ ಎಂಥವರು ಎಂದು ಪ್ರೆಸ್ಟನ್ ದನಿ ತಗ್ಗಿಸಿ ಕೇಳಿದಾಗ, ತಾನಿನ್ನೂ ಅವರ ಮುಖವನ್ನೇ ನೋಡಿಲ್ಲ, ಒಳ್ಳೆಯವರು ಎಂದು ಕೇಳಿದ್ದೇನೆ ಎಂದ. ಕೆಳಗಿನವರ ಕೆಲಸದಲ್ಲಿ ಇಷ್ಟರಮಟ್ಟಿಗೆ ತಲೆಹಾಕದ ಡೈರೆಕ್ಟರು ಐವರ ಕಲ್ಪನೆಗೂ ನಿಲುಕಿರಲಿಲ್ಲ. ಅವರು ಬರೆದುಕೊಂಡರು.

"ನಿಮಗಿದು ಎಷ್ಟನೇ ವರ್ಷ ಸರ್?" ಎಂದಳು ಮಾರಿಸೋಲ್.

ಕೊನೆಗೂ ಆ ಪ್ರಶ್ನೆ ಬಂತು ಎಂದು ಎಲ್ಮರ್ ತಲೆ ತಗ್ಗಿಸಿದ. "ಎರಡನೇದು. ಸುಳ್ಳು ಯಾಕೆ ಹೇಳ್ಲಿ, ಮೊದಲನೇ ವರ್ಷ ತುಂಬಾ ಕಷ್ಟ ಆಯ್ತು. ನಾನು ಈ ಕೆಲ್ಸಕ್ಕೆ ಲಾಯಕ್ಕಿಲ್ಲ ಅನ್ನಿಸ್ಬಿಟ್ಟಿತ್ತು. ಮನೇಲಿ ನಮ್ಮ ಐಲಾ ಒಬ್ರು ಇದ್ರು, ಹೇಗೋ ದಾಟಿದೆ."

ಐವರೂ ಪೆನ್ನು ಕೆಳಗಿಟ್ಟರು. ಆ ಚಳಿಗಾಲದಲ್ಲಿ ಇಂಥ ಸಂಜೆಗಳಲ್ಲಿ ಕೂತು ಕೂತು ಅವರಿಗೆ ಸಾಕಾಗಿತ್ತು. ಎಲ್ಲ ಕಡೆಯೂ ರೆಸಿಡೆಂಟರು ಹಲ್ಲು ಕಿರಿದು, ನಾವೆಲ್ಲ ಒಂದೇ ಕುಟುಂಬ ಎಂದಿದ್ದರು. ಕಷ್ಟವಾಯಿತು ಎಂದ ಮೊದಲ ಮನುಷ್ಯ ಇವನು.

ಅಷ್ಟರಲ್ಲಿ ಆ ಐಲಾಳೇ ತಟ್ಟೆ ಹಿಡಿದು ಪರದೆಯೊಳಗೆ ಬಂದಳು. ತಟ್ಟೆಯ ತುಂಬ ಆಗ ತಾನೇ ಬೆಂದ ಪ್ಯಾಸ್ಟಿಗಳು, ಹೊಟ್ಟೆಯಲ್ಲಿ ಮಾಂಸ ಆಲೂಗಡ್ಡೆ ತುಂಬಿಕೊಂಡು ಹೊಗೆಯಾಡುತ್ತಿದ್ದವು. "ಮೊದ್ಲು ತಿನ್ನು ಕಣೋ, ಆಮೇಲೆ ಮಾತಾಡು. ಆರಿಹೋದ್ರೆ ಕಲ್ಲಾಗುತ್ತೆ," ಎಂದು ಅವನ ಮುಂದಿಟ್ಟು, ಸೂಟಿನವರ ಕಡೆಗೆ ಒಮ್ಮೆ ಅಸೂಯೆಯಿಂದ ನೋಡಿ ಹೋದಳು. ರೆಸಿಡೆಂಟರು ಕೂತಲ್ಲಿಗೇ ಊಟ ಬರುತ್ತದೆಯೇ ಎಂದು ಯಾರೋ ಕ್ಷೀಣವಾಗಿ ಕೇಳಿದರು. ಅಗಿಯುತ್ತಿದ್ದ ಎಲ್ಮರನಿಗೆ ಪ್ರಶ್ನೆಯ ಕೊನೆಯಷ್ಟೇ ಕೇಳಿಸಿ, ದಿನಾ ಬರುತ್ತದೆ ಎಂದ.

ಅವಳ ಹಿಂದೆಯೇ ವರ್ನ್ ಬಂದ. ಸೊಂಟಕ್ಕೊಂದು ಟವೆಲು, ಕಾಲಿಗೆ ಹಿಮದ ಬೂಟು, ನಡುವೆ ಬೇರೇನೂ ಇಲ್ಲ. ಸೌನಾ ಕಾದಿದೆ ಎಂದು ಹೇಳಲು ಬಂದವನು ಎಲ್ಮರನನ್ನು ಕಂಡ ಕೂಡಲೇ ಕಾಲೆತ್ತಿ ಕುರ್ಚಿಯ ಮೇಲಿಟ್ಟ. "ಏನಪ್ಪಾ ಡಾಕ್ಟ್ರೇ, ಈ ಮಂಡಿ ಒಂಚೂರು ನೋಡ್ತೀಯಾ?"

ಸಂದರ್ಶನದವರ ಮುಂದೆ ಬೇರೆ ಯಾರಾದರೂ ಆಗಿದ್ದರೆ ಅವನನ್ನು ಆಚೆಗೆ ದಬ್ಬುತ್ತಿದ್ದರು. ಎಲ್ಮರ್ ಒಂದು ನಿಮಿಷ ಎಂದು ಐವರ ಅಪ್ಪಣೆ ಕೇಳಿ, ವರ್ನನನ್ನು ಕೂರಿಸಿ, ಮಂಡಿಯನ್ನು ಒತ್ತಿ, ಮಡಿಸಿ, ಬಿಡಿಸಿ ನೋಡಿದ. ನಾಲ್ಕು ಹೆಜ್ಜೆ ನಡೆಸಿದ. ಆಮೇಲೆ ಬೂಟು ಬಿಚ್ಚಿಸಿ ಅಡಿಮೇಲು ಮಾಡಿದ. ಎಡ ಬೂಟಿನ ಹಿಮ್ಮಡಿ ಒಂದೇ ಪಕ್ಕಕ್ಕೆ ಸವೆದು ಓರೆಯಾಗಿತ್ತು. ಮಂಡಿಯಲ್ಲಿ ಏನೂ ಇಲ್ಲ, ಬೂಟು ಬದಲಾಯಿಸು ಎಂದ. ಇಷ್ಟು ವರ್ಷದ ಮಂಡಿ ಹೀಗೆ ಬೂಟಿನಲ್ಲಿ ಮುಗಿದುಹೋದದ್ದು ವರ್ನನಿಗೆ ಹಿಡಿಸಲಿಲ್ಲ. ಅವನು ಗೊಣಗುತ್ತ ಸೌನಾಕ್ಕೆ ಹೋದ.

ಸೌನಾ ಎಲ್ಲರಿಗೂ ಉಂಟೇ ಎಂದು ಪ್ರೆಸ್ಟನ್ ಕೇಳಿದ. ಬುಧವಾರ ಶನಿವಾರ, ಬಂದವರಿಗೆಲ್ಲ ಉಂಟು, ನೀವು ಬಂದರೂ ಸಂತೋಷ ಎಂದ ಎಲ್ಮರ್. ಸಮಯ ಮುಗಿದು ಪರದೆ ತಾನಾಗಿ ಆರಿತು.

ಮರುದಿನ ಟ್ಯಾಮರಾಕಿನಲ್ಲಿ ನಡೆದದ್ದು ಹೀಗಂತೆ. ತರಬೇತಿಯ ಡೈರೆಕ್ಟರ್ ಡಾ. ಲೈಲ್ ಹಾಗ್ಲಂಡ್ ಗಂಭೀರ ಮನುಷ್ಯರು, ತಮ್ಮ ಆಸ್ಪತ್ರೆಯ ಮೂಲೆಮೂಲೆಯೂ ತಮಗೆ ಗೊತ್ತು ಎಂಬ ನಂಬಿಕೆಯವರು. ಬೆಳಿಗ್ಗೆ ಪರದೆಯ ಮೇಲೆ ನಡೆದ ಮೊದಲ ಸಂದರ್ಶನದಲ್ಲಿ ಪ್ರೆಸ್ಟನ್, ತನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ನಿಮ್ಮ ಸೌನಾ ಎಂದ. ಡಾಕ್ಟರು, ತಮಗೆ ತಿಳಿಯದ ಹಾಗೆ ರೆಸಿಡೆಂಟರು ನೆಲಮಾಳಿಗೆಯಲ್ಲಿ ಏನೋ ಕಟ್ಟಿಕೊಂಡಿದ್ದಾರೆ ಎಂದುಕೊಂಡರು. ತಮಗೆ ಗೊತ್ತಿಲ್ಲ ಎಂದು ಒಬ್ಬ ಅಭ್ಯರ್ಥಿಯ ಮುಂದೆ ಒಪ್ಪಿಕೊಳ್ಳುವುದು ಹೇಗೆ? ಹೌದು, ಅದರ ಬಗ್ಗೆ ನಮಗೂ ಹೆಮ್ಮೆಯಿದೆ ಎಂದುಬಿಟ್ಟರು. ಮಾರಿಸೋಲ್ ಬಂದು, ಐಲಾಳ ಪ್ಯಾಸ್ಟಿ ಮತ್ತು ಒಂಬತ್ತು ಗಂಟೆಯ ನಿದ್ರೆಯನ್ನು ಹೊಗಳಿದಳು. ಅದಕ್ಕೂ ತಲೆಯಾಡಿಸಿದರು. ಮಧ್ಯಾಹ್ನದ ಹೊತ್ತಿಗೆ ಐವರೂ ಬಂದುಹೋಗಿದ್ದರು. ಯಾರ ಜತೆ ಕೆಲಸ ಮಾಡಲು ಇಷ್ಟ ಎಂದು ಕೇಳಿದರೆ ಐವರೂ ಎಲ್ಮರ್ ಎಂಬ ಎರಡನೇ ವರ್ಷದ ರೆಸಿಡೆಂಟನ ಹೆಸರು ಹೇಳಿದ್ದರು.

ಡಾಕ್ಟರು ಬಾಗಿಲು ಹಾಕಿಸಿ ಡೊರೀನಳನ್ನು ಕರೆದರು. ತರಬೇತಿಯ ಕಚೇರಿ ನಡೆಸುವವಳು ಅವಳೇ. ಡೈರೆಕ್ಟರುಗಳು ಬರುತ್ತಾರೆ ಹೋಗುತ್ತಾರೆ, ಡೊರೀನ್ ಇರುತ್ತಾಳೆ. ನಮ್ಮಲ್ಲಿ ಎಲ್ಮರ್ ಎಂಬವರು ಯಾರೂ ಇಲ್ಲ ಎಂದು ಅವಳು ಹೇಳಿದಾಗ ಡಾಕ್ಟರು ಕೂತುಬಿಟ್ಟರಂತೆ. ಯಾವನೋ ಹೊರಗಿನವನು ನುಗ್ಗಿ ರೆಸಿಡೆಂಟ್ ವೇಷ ಹಾಕಿದ್ದಾನೆ, ವಕೀಲರಿಗೆ ಹೇಳಿ ಎಂದರು. ಡೊರೀನ್ ಆ ದಿನದ ಕೊನೆಯ ಅಭ್ಯರ್ಥಿಯ ಹೆಸರಿನ ಮೇಲೆ ಬೆರಳಿಟ್ಟಳು.

ಎಲ್ಮರ್ ಆ ದಿನ ಸೂಟು ತೊಟ್ಟಿದ್ದ, ಯಾಕೆಂದರೆ ಸಂದರ್ಶನಕ್ಕೆ ಸೂಟು ಎಂದು ಬರೆದಿತ್ತು. ಪರದೆಯಲ್ಲಿ ಡಾಕ್ಟರ್ ಹಾಗ್ಲಂಡ್, ಪಕ್ಕದಲ್ಲಿ ಡೊರೀನ್. ಹಿಂದಿನ ಸಂಜೆಯ ಐವರು ಇರಲಿಲ್ಲವಲ್ಲ ಎಂದು ಅವನಿಗೆ ಸ್ವಲ್ಪ ಆಶ್ಚರ್ಯವಾಯಿತು.

"ಡಾಕ್ಟರ್ ಮಾಕೆಲಾ, ನೇರವಾಗೇ ಕೇಳ್ತೀನಿ," ಎಂದರು ಹಾಗ್ಲಂಡ್. "ನಮ್ಮ ಆಸ್ಪತ್ರೇಲಿ ಸೌನಾ ಎಲ್ಲಿದೆ?"

"ನಿಮ್ಮಲ್ಲೂ ಇದೆಯಾ ಸರ್?" ಎಂದ ಎಲ್ಮರ್ ಸಂತೋಷದಿಂದ.

ಮುಂದಿನದು ನಿಧಾನವಾಗಿ ನಡೆಯಿತು. ಡಾಕ್ಟರು ಒಂದೊಂದೇ ಕೇಳಿದರು, ಎಲ್ಮರ್ ಒಂದೊಂದಕ್ಕೇ ಉತ್ತರಿಸಿದ, ಉತ್ತರಿಸುತ್ತ ಹೋದ ಹಾಗೆ ಅವನ ಮುಖದ ಬಣ್ಣ ಇಳಿಯಿತು. ಐವರೂ ತನ್ನಂಥವರೇ ಎಂದು ತಿಳಿದ ಕ್ಷಣ ಅವನಿಗೆ ಅಳುವೇ ಬಂದಂತಾಯಿತು. ಒಂದೇ ಒಂದು ಕರೆ ಬಂದಿತ್ತು, ಅದನ್ನೂ ವೇಷಧಾರಿಯಾಗಿ ಕಳೆದುಕೊಂಡೆ ಎಂದುಕೊಂಡ. ಐವರಿಗೂ ತಾನೇ ಬರೆದು ನಿಜ ತಿಳಿಸುತ್ತೇನೆ, ವಿಳಾಸ ಕೊಡಿ ಎಂದು ಬೇಡಿದ. ಅಭ್ಯರ್ಥಿಗಳ ವಿಳಾಸ ಕೊಡುವ ಹಾಗಿಲ್ಲ ಎಂದಳು ಡೊರೀನ್.

"ಸೂಟ್ ಹಾಕ್ಕೊಂಡಿದ್ರೆ ಈ ರಾಮಾಯಣವೇ ಇರ್ತಿರ್ಲಿಲ್ಲವಲ್ರೀ," ಎಂದರು ಡಾಕ್ಟರು. "ಯಾಕೆ ಹಾಕ್ಲಿಲ್ಲ?"

"ಬೇಡ ಅಂತ ಬರೆದಿತ್ತು ಸರ್. ದಯವಿಟ್ಟು ಅಂತಾನೂ ಇತ್ತು."

ಡೊರೀನ್ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಳು. "ನಾನೇ ಬರೆಯೋದು ಅದನ್ನ," ಎಂದಳು. "ಪ್ರತಿ ವರ್ಷ ಬರೀತೀನಿ. ಇವತ್ತಿನ ತನಕ ಒಬ್ಬರೂ ಆ ಮಾತು ಕೇಳಿರ್ಲಿಲ್ಲ."

ಡಾಕ್ಟರಿಗೆ ಆ ಮಾತಿನಲ್ಲಿ ಆಸಕ್ತಿ ಇರಲಿಲ್ಲ. ಅವರ ಚಿಂತೆ ಬೇರೆ. ಇಲ್ಲದ ಸೌನಾದ ಬಗ್ಗೆ ಒಂದೇ ದಿನದಲ್ಲಿ ಐದು ಸಲ ಹೆಮ್ಮೆಪಟ್ಟಿದ್ದರು. ಸಂದರ್ಶನ ಅಲ್ಲಿಗೆ ಮುಗಿಯಿತು. ಎಲ್ಮರನ ಓದಿನ ಬಗ್ಗೆ, ಅನುಭವದ ಬಗ್ಗೆ ಒಂದು ಪ್ರಶ್ನೆಯನ್ನೂ ಯಾರೂ ಕೇಳಲಿಲ್ಲ.

ಆ ಸಂಜೆಯೇ ಡೊರೀನ್ ಐವರಿಗೂ ಮೇಲ್ ಕಳಿಸಿದಳು. ನಮ್ಮಲ್ಲಿ ಸೌನಾ ಇಲ್ಲ. ಊಟ ನಿಮ್ಮದೇ ಖರ್ಚು. ಒಂಬತ್ತು ಗಂಟೆ ನಿದ್ರೆ ಯಾರಿಗೂ ಸಿಗುವುದಿಲ್ಲ. ಕಾರು ನಿಲ್ಲಿಸಲು ಜಾಗವಿಲ್ಲ. ನಿಮ್ಮೊಡನೆ ಮಾತಾಡಿದವರು ನಮ್ಮ ರೆಸಿಡೆಂಟ್ ಅಲ್ಲ. ಇಷ್ಟು ಸ್ಪಷ್ಟವಾದ ಮೇಲನ್ನು ಆ ಆಸ್ಪತ್ರೆ ಹಿಂದೆಂದೂ ಕಳಿಸಿರಲಿಲ್ಲ. ಐವರೂ ಓದಿದರು. ಆಸ್ಪತ್ರೆಯವರು ಬರೆದದ್ದನ್ನು ಬರೆದ ಹಾಗೇ ನಂಬುವವರು ಆ ಐವರಲ್ಲಿ ಯಾರೂ ಇರಲಿಲ್ಲ. ಸೌನಾದ ಸುದ್ದಿ ಹರಡಿದರೆ ದೇಶವೆಲ್ಲ ಮುಗಿಬೀಳುತ್ತದೆಂದು ಗುಟ್ಟು ಕಾಯುತ್ತಿದ್ದಾರೆ, ಪಾಪ, ಆ ಎಲ್ಮರನಿಗೆ ಬಾಯಿ ಬಿಟ್ಟದ್ದಕ್ಕೆ ಮೇಲಿನವರು ಬೈದಿರಬೇಕು ಎಂದು ಐವರೂ ಬೇರೆ ಬೇರೆಯಾಗಿ ಕೂತು ಒಂದೇ ತೀರ್ಮಾನಕ್ಕೆ ಬಂದರು. ಟ್ಯಾಮರಾಕನ್ನು ತಮ್ಮ ಸಾಲಿನಲ್ಲಿ ಎಲ್ಲಕ್ಕಿಂತ ಮೇಲೆ ಬರೆದರು.

ಇತ್ತ ಊರಿನಲ್ಲಿ ವರ್ನ್ ಸುದ್ದಿ ಹಂಚಿದ. ಸೋಮವಾರ ಕಾಫಿ ಅಂಗಡಿಯಲ್ಲಿ ಅವನು ಹೇಳಿದ್ದು, ಎಲ್ಮರನನ್ನು ಸ್ವಲ್ಪ ವಿಚಾರಿಸಿದರು ಎಂದಷ್ಟೇ. ಬುಧವಾರದ ಹೊತ್ತಿಗೆ ಆಸ್ಪತ್ರೆಯ ವಕೀಲರು ಹೊರಟಿದ್ದರು. ಶನಿವಾರ ಸೌನಾಕ್ಕೆ ಬಂದವರು, ಪೊಲೀಸರು ಬಂದರೆ ಹಿಂದಿನ ಬಾಗಿಲಿನಿಂದ ಕರೆದುಕೊಂಡು ಹೋಗುತ್ತೇವೆ ಎಂದು ಐಲಾಳಿಗೆ ಧೈರ್ಯ ಹೇಳಿದರು. ಜಾಕೆಟ್ಟು ತನ್ನದು ಎಂಬುದನ್ನು ವರ್ನ್ ಎಲ್ಲೂ ಹೇಳಲಿಲ್ಲ. ಹೊಸ ಬೂಟಿನಿಂದ ಮಂಡಿ ಪೂರ್ತಿ ವಾಸಿಯಾಗಿದೆ ಎಂಬುದನ್ನೂ ಹೇಳಲಿಲ್ಲ. ಜನರ ಮುಂದೆ ನೆನಪಾದಾಗ ಕುಂಟುತ್ತಿದ್ದ.

ದೊಡ್ಡಮ್ಮ ತನಗೆ ತಿಳಿದ ದಾರಿ ಹಿಡಿದಳು. ಒಂದು ಡಬ್ಬಿಯ ತುಂಬ ಪ್ಯಾಸ್ಟಿ ಕಟ್ಟಿ, ನನ್ನ ಮಗ ಒಳ್ಳೆಯವನು ಎಂದು ಚೀಟಿ ಇಟ್ಟು ಡಾಕ್ಟರ್ ಹಾಗ್ಲಂಡರಿಗೆ ಪಾರ್ಸೆಲ್ ಮಾಡಿದಳು. ಎಲ್ಮರನಿಗೆ ಗೊತ್ತಾದಾಗ ಅವನು ತಲೆಯ ಮೇಲೆ ಕೈ ಹೊತ್ತ. ಅಭ್ಯರ್ಥಿಗಳ ಕಡೆಯಿಂದ ಉಡುಗೊರೆ ತೆಗೆದುಕೊಳ್ಳುವುದು ಎಲ್ಲ ಆಸ್ಪತ್ರೆಗಳಲ್ಲೂ ಕಟ್ಟುನಿಟ್ಟಾಗಿ ನಿಷೇಧ. ಮರುವಾರ ಪಾರ್ಸೆಲ್ ವಾಪಸು ಬಂತು, ನಿಯಮದ ಪ್ರಕಾರ ಹಿಂತಿರುಗಿಸಲಾಗಿದೆ ಎಂಬ ಡೊರೀನಳ ಚೀಟಿಯೊಡನೆ. ದೊಡ್ಡಮ್ಮ ಡಬ್ಬಿ ತೆರೆದು, ಸಾಲಾಗಿ ಜೋಡಿಸಿದ್ದ ಪ್ಯಾಸ್ಟಿಗಳನ್ನು ಬಗ್ಗಿ ನೋಡಿ, ಮೆಲ್ಲಗೆ ಕುರ್ಚಿ ಎಳೆದುಕೊಂಡು ಕೂತಳು.

"ಒಂದು ಕಮ್ಮಿ ಇದೆ ಕಣೋ," ಎಂದಳು.

ಆ ಚಳಿಗಾಲವಿಡೀ ಆ ಮನೆಯ ಆಸೆ ಬದುಕಿದ್ದು ಇಲ್ಲದ ಆ ಒಂದು ಪ್ಯಾಸ್ಟಿಯ ಮೇಲೆ. ಅಂಚೆಯವನು ತಿಂದಿರಬಹುದು ಎಂದು ವರ್ನ್ ಒಮ್ಮೆ ಹೇಳಿ, ಆ ಬುಧವಾರ ಊಟ ಕಳೆದುಕೊಂಡ.

ಮಾರ್ಚ್ ಬಂತು. ದೊಡ್ಡಮ್ಮ ಈ ಸಲ ಕೇಕಿನ ಮಾತೆತ್ತಲಿಲ್ಲ. ಸೋಮವಾರ ಬೆಳಿಗ್ಗೆ ನೆರೆಯವರು ಒಬ್ಬೊಬ್ಬರಾಗಿ ಸಕ್ಕರೆ ಕೇಳುವ ನೆವದಲ್ಲಿ ಬಂದು ಅಡುಗೆಮನೆಯಲ್ಲೇ ನಿಂತರು. ಮೇಲ್ ಬಂದಾಗ ಎಲ್ಮರ್ ಅದನ್ನು ತೆರೆಯದೆ ದೊಡ್ಡಮ್ಮನ ಕಡೆಗೆ ಸರಿಸಿದ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಓದಿದಳು, ಮತ್ತೆ ಓದಿದಳು, ಸೀಟು ಸಿಕ್ಕಿದೆ ಎಂದಳು. ಎಲ್ಮರ್ ಹಿತ್ತಲಿಗೆ ಹೋಗಿ ಸೌದೆ ರಾಶಿಯ ಹಿಂದೆ ನಿಂತು ಅತ್ತ. ಒಂದೇ ಕಡೆ ಸಂದರ್ಶನ ಆಗಿದ್ದರಿಂದ ಸೀಟು ಎಲ್ಲಿ ಎಂಬುದಕ್ಕೆ ಶುಕ್ರವಾರ ಕಾಯಬೇಕಾಗಿರಲಿಲ್ಲ. ಆದರೂ ಶುಕ್ರವಾರ ಎಂದು ಬರೆದಿತ್ತಲ್ಲ, ಎಲ್ಮರ್ ಶುಕ್ರವಾರದವರೆಗೂ ಯಾರು ಕೇಳಿದರೂ ಊರಿನ ಹೆಸರು ಹೇಳಲಿಲ್ಲ.

ಜೂನ್ ಕೊನೆಯಲ್ಲಿ ಅವನು ಟ್ಯಾಮರಾಕಿಗೆ ಹೊರಟಾಗ ದೊಡ್ಡಮ್ಮ ಕಾರಿನ ಹಿಂಭಾಗ ತುಂಬ ಪ್ಯಾಸ್ಟಿ ತುಂಬಿಸಿದಳು. ಈಗ ಅವನು ಅಭ್ಯರ್ಥಿಯಲ್ಲ, ಯಾವ ನಿಯಮವೂ ಅಡ್ಡ ಬರುವುದಿಲ್ಲ ಎಂದ ಮೇಲೂ ಅವಳು ಮುಚ್ಚಳಗಳನ್ನು ಬಿಗಿಯಾಗಿ ಕಟ್ಟಿದಳು. ಮೊದಲ ದಿನಕ್ಕೆ ಉಡುಪು ನಿಮ್ಮಿಷ್ಟ ಎಂದು ಡೊರೀನ್ ಬರೆದಿದ್ದಳು. ಆಸ್ಪತ್ರೆಯ ಸಭಾಂಗಣದಲ್ಲಿ ಏರ್‌ಕಂಡೀಷನ್ ಜೋರಾಗಿರುತ್ತದೆಂದು ಎಲ್ಮರ್ ನೀಲಿ ಜಾಕೆಟ್ಟು ತೊಟ್ಟು ಹೋದ.

ಬಾಗಿಲು ತಳ್ಳಿದ ಕೂಡಲೇ ಸೂಟು ತೊಟ್ಟ ಐದು ಜನ ಎದ್ದು ನಿಂತರು. ಟ್ಯಾಮರಾಕಿನ ಆರೂ ಸೀಟು ಆ ವರ್ಷ ತುಂಬಿದ್ದವು.

"ಎಲ್ಮರ್ ಸರ್," ಎಂದು ಪ್ರೆಸ್ಟನ್ ಎರಡೂ ಕೈಯಿಂದ ಅವನ ಕೈ ಹಿಡಿದುಕೊಂಡ. "ಈಗ ಮೂರನೇ ವರ್ಷ ಅಲ್ವಾ? ನಿಮ್ಮಿಂದಾನೇ ನಾನಿಲ್ಲಿಗೆ ಬಂದಿದ್ದು. ಹಾಸಿಗೆ ಬಟ್ಟೆ ಇನ್ನೂ ಬಿಚ್ಚಿಲ್ಲ, ಟವೆಲ್ ಮಾತ್ರ ಹೊರಗಿಟ್ಟಿದೀನಿ."

ಎಲ್ಮರ್ ಗೋಡೆಯ ಪಕ್ಕ ನಿಂತಿದ್ದ ಡಾಕ್ಟರ್ ಹಾಗ್ಲಂಡರ ಕಡೆ ನೋಡಿದ. ಅವರು ಬೇರೆಲ್ಲೋ ನೋಡುತ್ತಿದ್ದರು. ಇನ್ನು ತಡ ಮಾಡಿದರೆ ತರಬೇತಿಯ ಮೂರು ವರ್ಷವೂ ತಡವಾಗುತ್ತದೆಂದು ಅವನಿಗೆ ಅನ್ನಿಸಿ, ನಿಂತಲ್ಲೇ ಎಲ್ಲವನ್ನೂ ಹೇಳಿದ. ತಾನೂ ಅವರ ಹಾಗೆ ಇವತ್ತೇ ಸೇರುತ್ತಿರುವವನು. ಸೌನಾ ದೊಡ್ಡಮ್ಮನ ಹಿತ್ತಲಿನದು, ನಿದ್ರೆ ಹಾರ್ಡ್‌ವೇರ್ ಅಂಗಡಿಯವನದು, ಎರಡನೇ ವರ್ಷ ಎಂದರೆ ಮೊದಲ ವರ್ಷ ಸೀಟು ಸಿಗದವನದು. ಹೇಳಿ ಮುಗಿಸಿ ನೆಲ ನೋಡುತ್ತ ನಿಂತ.

ಮಾರಿಸೋಲ್ ಕೇಳಿದಳು, "ಹಾಗಾದ್ರೆ ಡೊರೀನ್ ಮೇಡಂ ಕಳಿಸಿದ ಮೇಲ್ ನಿಜಾನಾ?"

"ನಾನು ಬರೆಯೋದೆಲ್ಲಾ ನಿಜಾನೇ," ಎಂದಳು ಹಿಂದಿನ ಸಾಲಿನಿಂದ ಡೊರೀನ್.

ಪ್ರೆಸ್ಟನ್ ಡೈರೆಕ್ಟರ ಕಡೆ ತಿರುಗಿ, ಸಂದರ್ಶನದ ದಿನ ತಾವೇ ಸೌನಾ ಬಗ್ಗೆ ಹೆಮ್ಮೆ ಎಂದಿರಲ್ಲ ಎಂದ. ಹಾಗ್ಲಂಡ್ ಕೆಮ್ಮಿದರು. ನಡುವೆ ಬಂದು ನಿಂತರು. ಅವರಿಗೆ ತಪ್ಪು ಒಪ್ಪಿಕೊಂಡು ಅಭ್ಯಾಸವಿರಲಿಲ್ಲ, ಆದ್ದರಿಂದ ಭಾಷಣದ ದನಿಯಲ್ಲೇ ಒಪ್ಪಿಕೊಂಡರು.

"ಸೌನಾ ಕಟ್ಸೋಕೆ ಕೇಳ್ದೆ, ಮೇಲಿನವರು ಒಪ್ಪಲಿಲ್ಲ. ಒಂಬತ್ತು ಗಂಟೆ ನಿದ್ದೆ ನನಗೇ ಇಲ್ಲ, ನಿಮಗೆಲ್ಲಿಂದ ಕೊಡ್ಲಿ? ಆ ಸಂಜೆ ನೀವು ಮೆಚ್ಕೊಂಡಿದ್ರಲ್ಲಿ ನನ್ನ ಕೈಲಿ ತರ್ಸೋಕೆ ಆಗಿದ್ದು ಇವರೊಬ್ಬರನ್ನೇ. ತರಿಸಿದೀನಿ."

ಐವರೂ ಎಲ್ಮರನನ್ನು ನೋಡಿದರು. ಅವನ ಎದೆಯ ಮುದ್ರೆಯಲ್ಲಿ ಹಿಮ ಗೋರುವ ಲಾರಿ ಈಗ ಸ್ಪಷ್ಟವಾಗಿ ಕಾಣುತ್ತಿತ್ತು. ಮಾರಿಸೋಲ್‌ಗೆ ಮೊದಲು ನಗು ಬಂತು. ಪ್ರೆಸ್ಟನ್ ಬಿಗಿದ ಮುಖದಲ್ಲೇ, ಆ ಪ್ಯಾಸ್ಟಿಯಾದರೂ ನಿಜವೇ ಎಂದು ಕೇಳಿದ. ಅದು ನಿಜ, ಕಾರಿನ ತುಂಬ ಇದೆ, ಬನ್ನಿ ಎಂದ ಎಲ್ಮರ್. ಡಾಕ್ಟರ್ ಹಾಗ್ಲಂಡ್ ಕೂಡ ಯಾರಿಗೂ ಕಾಣದ ಹಾಗೆ ಹಿಂದಿನಿಂದ ಹೊರಟರು; ಡಬ್ಬಿಯಲ್ಲಿ ಕಮ್ಮಿಯಾಗಿದ್ದ ಆ ಒಂದು ಪ್ಯಾಸ್ಟಿ ಯಾರ ಹೊಟ್ಟೆ ಸೇರಿತ್ತು ಎಂಬುದು ಅವರ ನಡಿಗೆಯಲ್ಲೇ ತಿಳಿಯುತ್ತಿತ್ತು.

ಎಲ್ಮರ್ ಬೆಳಿಗ್ಗೆ ಆಸ್ಪತ್ರೆಯ ಹಿಂದೆ ಮರದ ತುಂಡುಗಳ ರಾಶಿಯೊಂದನ್ನು ಕಂಡು, ಮನೆಯ ಅಭ್ಯಾಸದಂತೆ ಅದರ ಪಕ್ಕಕ್ಕೇ ಕಾರು ನಿಲ್ಲಿಸಿದ್ದ. ಈಗ ಅಲ್ಲಿ ರಾಶಿ ಇತ್ತು, ಕಾರು ಇರಲಿಲ್ಲ. ಇಲ್ಲಿ ನಿಲ್ಲಿಸಿದ ವಾಹನಗಳನ್ನು ಎಳೆದೊಯ್ಯಲಾಗುವುದು ಎಂಬ ಫಲಕ ಎದುರಿಗೇ ಇತ್ತು. ಬದುಕಿನಲ್ಲಿ ಎಲ್ಮರ್ ಓದದೆ ಬಿಟ್ಟ ಮೊದಲ ಫಲಕ ಅದು.

ಖಾಲಿ ಜಾಗದ ಸುತ್ತ ಎಲ್ಲರೂ ನಿಂತರು. ಆಮೇಲೆ ಐವರೂ ಮೆಲ್ಲಗೆ ತಿರುಗಿ, ಆ ಸಂಜೆ ಪರದೆಯಲ್ಲಿ ನೋಡಿದ ಹಾಗೇ, ನೀಲಿ ಜಾಕೆಟ್ಟಿನ ಕಡೆ ನೋಡಿದರು.

"ಈಗೇನ್ ಮಾಡೋಣ ಸರ್?" ಎಂದ ಪ್ರೆಸ್ಟನ್.

ತನಗೂ ಗೊತ್ತಿಲ್ಲ ಎಂದು ಹೇಳಲು ಎಲ್ಮರ್ ಬಾಯಿ ತೆರೆದ. ಐದು ಮುಖಗಳನ್ನೂ ನೋಡಿ, ಬಾಯಿ ಮುಚ್ಚಿ, ಜಾಕೆಟ್ಟಿನ ಜಿಪ್ಪು ಏರಿಸಿಕೊಂಡ. "ಬನ್ನಿ," ಎಂದು ಕಾರುಗಳನ್ನು ಎಳೆದೊಯ್ದು ಇಡುವ ಜಾಗ ಯಾವ ಕಡೆ ಇರಬಹುದೋ ಆ ಕಡೆಗೆ ಮುಂದಾಗಿ ನಡೆದ, ಉಳಿದವರು ಅವನ ಹಿಂದೆ ಹೊರಟರು.